ದಣಿವೆಲ್ಲ ಓವರ್‌ಟ್ರೈನಿಂಗ್ ಅಲ್ಲ: ಭಾರ ಎತ್ತುವವರ ಪ್ರಶ್ನೆಗಳಿಗೆ ಉತ್ತರ

ಭಾರ ಎತ್ತುವ ವ್ಯಾಯಾಮದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಂಜಿಕೆಯ ಸುತ್ತ ಇವೆ: ‘ನಾನು ಅತಿ ಮಾಡುತ್ತಿದ್ದೇನೆಯೇ?’ ಕೆಲವರು ಸುಮ್ಮನೆ ಹೆದರಿದ್ದಾರೆ. ಇನ್ನು ಕೆಲವರು ನಿಜವಾಗಿ ಹೆದರಬೇಕಾದದ್ದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದಾರೆ. ಅಂಥವರಿಗೆ ಉತ್ತರ ಉದ್ದವಾಗಿದೆ.

ಪ್ರಶ್ನೆ: ವಯಸ್ಸು 28. ವಾರಕ್ಕೆ ನಾಲ್ಕು ದಿನ, ಪ್ರತಿ ಸಲ ಒಂದೂಕಾಲು ಗಂಟೆ ಜಿಮ್‌ನಲ್ಲಿರುತ್ತೇನೆ. ಒಂದು ಗಂಟೆ ಮೀರಿದರೆ ಓವರ್‌ಟ್ರೈನಿಂಗ್ ಆಗಿ ಸ್ನಾಯು ಕರಗುತ್ತದೆ ಎಂದು ಟ್ರೈನರ್ ಹೇಳುತ್ತಾರೆ. ‘ಓವರ್‌ಟ್ರೈನಿಂಗ್ ಅನ್ನೋದೇ ಸುಳ್ಳು, ಊಟ-ನಿದ್ದೆ ಸಾಲದಿದ್ದರೆ ಮಾತ್ರ ತೊಂದರೆ’ ಅಂತ ಗೆಳೆಯನ ವಾದ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಮಟ್ಟಿಗೆ ಗೆಳೆಯನ ಮಾತೇ ಸತ್ಯಕ್ಕೆ ಹತ್ತಿರ. ಆದರೆ ‘ಸುಳ್ಳು’ ಎಂದು ತಳ್ಳಿಹಾಕುವಂತಿಲ್ಲ.

ಯುರೋಪಿನ ಮತ್ತು ಅಮೆರಿಕದ ಕ್ರೀಡಾವಿಜ್ಞಾನ ಸಂಸ್ಥೆಗಳು 2013ರಲ್ಲಿ ಜಂಟಿಯಾಗಿ ಹೊರಡಿಸಿದ ಹೇಳಿಕೆ ಇದನ್ನು ಮೂರು ಹಂತವಾಗಿ ನೋಡುತ್ತದೆ. ಕೆಲವು ದಿನ ಅಥವಾ ಒಂದೆರಡು ವಾರ ಬೇಕೆಂದೇ ಹೆಚ್ಚು ಶ್ರಮ ಹಾಕಿ, ಬಲ ಸ್ವಲ್ಪ ಇಳಿದು, ವಿಶ್ರಾಂತಿಯ ನಂತರ ಮೊದಲಿಗಿಂತ ಮೇಲೇರುವುದು ಮೊದಲನೆಯದು. ಇದು ತರಬೇತಿಯ ಭಾಗವೇ, ಕಾಯಿಲೆಯಲ್ಲ. ಎರಡನೆಯದರಲ್ಲಿ ಚೇತರಿಕೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕಾಗುತ್ತವೆ. ಕೊನೆಗೆ ಲಾಭವೂ ಉಳಿಯುವುದಿಲ್ಲ. ಮೂರನೆಯದೇ ನಿಜವಾದ ಓವರ್‌ಟ್ರೈನಿಂಗ್ ಸಿಂಡ್ರೋಮ್. ಬಲ ಕುಸಿದು ತಿಂಗಳುಗಟ್ಟಲೆ ಹಾಗೇ ಇರುತ್ತದೆ, ನಿದ್ದೆ ಮತ್ತು ಮನಸ್ಸಿನ ಸ್ಥಿತಿ ಕೆಡುತ್ತದೆ, ಬೇರೆ ಯಾವ ಕಾಯಿಲೆಯೂ ಅದಕ್ಕೆ ಕಾರಣವಾಗಿ ಸಿಗುವುದಿಲ್ಲ. ಈ ಮೂರನ್ನೂ ಬೇರ್ಪಡಿಸುವ ರಕ್ತಪರೀಕ್ಷೆ ಇಲ್ಲ. ಚೇತರಿಸಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಎಂಬುದರಿಂದ, ಅದೂ ಆದ ಮೇಲೆ, ಯಾವುದಾಗಿತ್ತು ಎಂದು ತಿಳಿಯುತ್ತದೆ.

ಭಾರ ಎತ್ತುವವರಲ್ಲಿ ಈ ಮೂರನೆಯದು ತೀರಾ ಅಪರೂಪ. ಇದರ ಬಗೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದ 2020ರ ವಿಮರ್ಶೆಯೊಂದರಲ್ಲೂ ಸಿಂಡ್ರೋಮ್‌ಗೆ ಗಟ್ಟಿ ಪುರಾವೆ ಸಿಗಲಿಲ್ಲ. 1990ರ ದಶಕದಲ್ಲಿ ಆಂಡ್ರ್ಯೂ ಫ್ರೈ, ವಿಲಿಯಂ ಕ್ರೇಮರ್ ಮೊದಲಾದವರು ತರಬೇತಾದ ಗಂಡಸರಿಗೆ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವ ವ್ಯಾಯಾಮ) ಮಷಿನ್‌ನಲ್ಲಿ, ಒಂದೇ ಒಂದು ಸಲ ಎತ್ತಲು ಸಾಧ್ಯವಾಗುವ ಗರಿಷ್ಠ ಭಾರವನ್ನು ದಿನಕ್ಕೆ ಹತ್ತು ಸಲದಂತೆ ಎರಡು ವಾರ ಎತ್ತಿಸಿದರು. ಹೆಚ್ಚಿನವರ ಬಲ ಕುಸಿಯಿತು. ಆದರೆ ದೂರದ ಓಟಗಾರರಲ್ಲಿ ಹೇಳಲಾಗುವ ಹಾರ್ಮೋನ್ ಏರುಪೇರು ಇವರಲ್ಲಿ ಆ ರೀತಿ ಕಾಣಲಿಲ್ಲ. ಇದರಿಂದ ತಿಳಿಯುವುದು ಇಷ್ಟು: ಪ್ರಯೋಗಕ್ಕಾಗಿ ಬೇಕೆಂದೇ ಆ ಮಟ್ಟಕ್ಕೆ ಒಯ್ದರೆ ಬಲ ಬೀಳುತ್ತದೆ, ಸಾಮಾನ್ಯವಾಗಿ ಯಾರೂ ಹಾಗೆ ವ್ಯಾಯಾಮ ಮಾಡುವುದಿಲ್ಲ.

ನಿಮ್ಮ ಒಂದೂಕಾಲು ಗಂಟೆಯನ್ನೇ ಬಿಡಿಸಿ ನೋಡಿ. 20 ಸೆಟ್ (ನಡುವೆ ಬಿಡುವಿಲ್ಲದೆ ಎತ್ತುವ ಒಂದು ಸರಣಿಯೇ ಸೆಟ್), ಸೆಟ್‌ಗೆ 30ರಿಂದ 40 ಸೆಕೆಂಡ್. ಬಾರ್ ನಿಜವಾಗಿ ಕೈಯಲ್ಲಿರುವುದು 10ರಿಂದ 13 ನಿಮಿಷ, ಉಳಿದದ್ದು ಸೆಟ್‌ಗಳ ನಡುವಿನ ಬಿಡುವು. ನಾಲ್ಕು ದಿನ ಸೇರಿಸಿದರೂ ಒಂದು ಗಂಟೆ ತುಂಬುವುದಿಲ್ಲ. ಓವರ್‌ಟ್ರೈನಿಂಗ್ ಹೆಚ್ಚಾಗಿ ಕಾಣುವ ಸೈಕ್ಲಿಂಗ್, ಈಜು, ದೂರದ ಓಟದ ಕ್ರೀಡಾಪಟುಗಳು ವಾರಕ್ಕೆ ಹದಿನೈದು-ಇಪ್ಪತ್ತು ಗಂಟೆ ಎಡೆಬಿಡದೆ ದುಡಿಯುತ್ತಾರೆ.

‘ಒಂದು ಗಂಟೆಯ ನಂತರ ಕಾರ್ಟಿಸಾಲ್ ಏರಿ ಸ್ನಾಯು ಕರಗುತ್ತದೆ’ ಎಂಬುದಕ್ಕೆ ಆಧಾರವಿಲ್ಲ. ವ್ಯಾಯಾಮದ ವೇಳೆ ಏರಿ ಇಳಿಯುವ ಹಾರ್ಮೋನ್‌ಗಳು ಸ್ನಾಯು ಬೆಳೆಯುವುದನ್ನೋ ಕರಗುವುದನ್ನೋ ತೀರ್ಮಾನಿಸುವುದಿಲ್ಲ. ಭಾರವಾದ ಸೆಟ್‌ಗಳ ನಡುವೆ ಮೂರು ನಿಮಿಷ ಕೂತು, ಅದರಿಂದ ಒಂದೂವರೆ ಗಂಟೆಯಾದರೂ ಚಿಂತೆ ಬೇಡ. ಗಡಿಯಾರ ನೋಡಿ ಬಿಡುವು ಕಡಿತ ಮಾಡಿದರೆ ಮುಂದಿನ ಸೆಟ್‌ನ ರೆಪ್ಸ್, ಅಂದರೆ ಎಷ್ಟು ಸಲ ಎತ್ತುತ್ತೀರಿ ಎಂಬ ಲೆಕ್ಕ, ಬೀಳುತ್ತವೆ. ಅದು ನಿಜವಾದ ನಷ್ಟ.

ಪ್ರಶ್ನೆ: ವಯಸ್ಸು 34, ವಾರಕ್ಕೆ ಐದು ದಿನ ವ್ಯಾಯಾಮ. ಆರು ವಾರದ ಹಿಂದೆ ಸ್ಕ್ವಾಟ್‌ನಲ್ಲಿ 100 ಕೆ.ಜಿ.ಗೆ ಆರು ರೆಪ್ಸ್ ಆಗುತ್ತಿತ್ತು, ಈಗ ಮೂರಕ್ಕೇ ನಿಲ್ಲುತ್ತದೆ. ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಭಾರ ಮೇಲಕ್ಕೆ ತಳ್ಳುವುದು) ಕೂಡ ಇಳಿದಿದೆ. ಮನೆಯಲ್ಲಿ ಮೂರು ತಿಂಗಳ ಮಗು ಇರುವುದರಿಂದ ರಾತ್ರಿ ಎರಡು ಮೂರು ಸಲ ಏಳುತ್ತೇನೆ. ಇದು ಓವರ್‌ಟ್ರೈನಿಂಗ್ ತಾನೇ? ಯಾವ ಟೆಸ್ಟ್ ಮಾಡಿಸಲಿ?

ಉತ್ತರ: ಟೆಸ್ಟ್ ಆಮೇಲೆ. ಕಾರಣ ನಿಮ್ಮ ಪತ್ರದಲ್ಲೇ ಇದೆ.

ಮೊದಲು ಇಳಿಕೆ ಎಷ್ಟೆಂದು ಅಳೆಯೋಣ. ಎತ್ತಿದ ಭಾರವನ್ನು, ಒಂದಕ್ಕೆ ರೆಪ್ಸ್‌ನ ಮೂವತ್ತನೇ ಒಂದು ಭಾಗ ಕೂಡಿಸಿ ಬಂದ ಸಂಖ್ಯೆಯಿಂದ ಗುಣಿಸಿದರೆ, ಒಂದೇ ಸಲಕ್ಕೆ ಎತ್ತಬಹುದಾದ ಗರಿಷ್ಠ ಭಾರದ ಅಂದಾಜು ಸಿಗುತ್ತದೆ. ಇದು ಎಪ್ಲಿ ಸೂತ್ರ. 100 ಕೆ.ಜಿ.ಗೆ ಆರು ರೆಪ್ಸ್ ಎಂದರೆ 120, ಮೂರು ರೆಪ್ಸ್ ಎಂದರೆ 110. ಶೇಕಡಾ 8ರಷ್ಟು ಇಳಿಕೆ. ಒಂದು ದಿನ ಹೀಗಾದರೆ ಅದಕ್ಕೆ ಅರ್ಥವಿಲ್ಲ. ಎಲ್ಲರಿಗೂ ಕೆಟ್ಟ ದಿನಗಳಿರುತ್ತವೆ. ಒಂದಕ್ಕಿಂತ ಹೆಚ್ಚು ವ್ಯಾಯಾಮಗಳಲ್ಲಿ, ಸತತ ಮೂರು ಸಲ, ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ ಗಂಭೀರವಾಗಿ ತೆಗೆದುಕೊಳ್ಳಿ. ಸ್ಕ್ವಾಟ್ ಮಾತ್ರ ಇಳಿದು ಉಳಿದವು ಏರುತ್ತಿದ್ದರೆ ದೋಷ ಆ ಒಂದು ವ್ಯಾಯಾಮದ ಯೋಜನೆಯಲ್ಲೋ ಭಂಗಿಯಲ್ಲೋ ಇರುತ್ತದೆ. ನಿಮ್ಮಲ್ಲಿ ಎರಡೂ ಇಳಿದಿವೆ, ಹಾಗಾಗಿ ಇಡೀ ದೇಹ ಬಳಲಿದೆ.

ಪುಸ್ತಕದಲ್ಲಿ ಲೆಕ್ಕ ಬರೆಯುವವರಿಗೆ ಇನ್ನೊಂದು ಸುಳಿವು ಇನ್ನೂ ಬೇಗ ಸಿಗುತ್ತದೆ: ವಾರ್ಮ್‌ಅಪ್ ಸೆಟ್. 60 ಕೆ.ಜಿ.ಯ ಬಾರ್ ಯಾವಾಗಲೂ ತಳದಿಂದ ಒಂದೇ ಏಟಿಗೆ ಮೇಲೆ ಬರುತ್ತಿದ್ದದ್ದು ಈಗ ಅರ್ಧ ದಾರಿಯಲ್ಲಿ ನಿಧಾನವಾಗಿ, ಕೊನೆಗೆ ಎಳೆದಂತೆ ಮೇಲೇರುತ್ತಿದ್ದರೆ ದಣಿವು ಇನ್ನೂ ಇಳಿದಿಲ್ಲ. ಫೋನನ್ನು ಒಂದೇ ಜಾಗದಲ್ಲಿ, ಪಕ್ಕದಿಂದ ಕಾಣುವಂತೆ ಇಟ್ಟು ವಾರಕ್ಕೊಮ್ಮೆ ಇದೇ ಸೆಟ್ ಚಿತ್ರಿಸಿ ಹೋಲಿಸಿ. ಕೈಗಡಿಯಾರ ಕೊಡುವ ‘ರಿಕವರಿ ಸ್ಕೋರ್’ಗಿಂತ ಇದನ್ನು ನಾವು ಹೆಚ್ಚು ನಂಬುತ್ತೇವೆ. ಭಾರ ಎತ್ತುವವರಲ್ಲಿ ಬೆಳಗಿನ ನಾಡಿಮಿಡಿತ ಏನೂ ಬದಲಾಗದೆಯೇ ಬಲ ಬೀಳಬಹುದು. ಟೆಸ್ಟೋಸ್ಟಿರಾನ್-ಕಾರ್ಟಿಸಾಲ್ ಅನುಪಾತಕ್ಕೆ ದುಡ್ಡು ಸುರಿಯುವುದೂ ವ್ಯರ್ಥ, ಅದರಿಂದ ಓವರ್‌ಟ್ರೈನಿಂಗ್ ಪತ್ತೆಯಾಗುವುದಿಲ್ಲ.

ಈಗ ಮಾಡಬೇಕಾದದ್ದು. ಹತ್ತು ದಿನ ಎಲ್ಲ ವ್ಯಾಯಾಮಗಳ ಸೆಟ್‌ಗಳನ್ನು ಅರ್ಧಕ್ಕಿಳಿಸಿ. ಸ್ಕ್ವಾಟ್ 85 ಕೆ.ಜಿ.ಗೆ ನಾಲ್ಕೈದು ರೆಪ್ಸ್ ಸಾಕು, ಪ್ರತಿ ಸೆಟ್ಟೂ ಇನ್ನೂ ನಾಲ್ಕು ಎತ್ತಬಹುದಿತ್ತು ಅನ್ನಿಸುವಲ್ಲಿ ಮುಗಿಯಲಿ. ಹನ್ನೊಂದನೇ ದಿನದ ನಂತರ 100 ಕೆ.ಜಿ. ಮತ್ತೆ ಐದು-ಆರಕ್ಕೆ ಬಂದರೆ ಅದು ಸಾಮಾನ್ಯ ದಣಿವು, ಹೋಯಿತು. ಆದರೆ ಮಗು ಅಷ್ಟು ಬೇಗ ರಾತ್ರಿಯಿಡೀ ಮಲಗುವುದಿಲ್ಲ, ಹಳೆಯ ಐದು ದಿನದ ಪಟ್ಟಿಗೆ ಮರಳಿದರೆ ತಿಂಗಳಲ್ಲಿ ಇದೇ ಪತ್ರ ಬರೆಯಬೇಕಾಗುತ್ತದೆ. ಮುಂದಿನ ಕೆಲವು ತಿಂಗಳು ವಾರಕ್ಕೆ ಮೂರು ದಿನ ಮಾಡಿ, ಪ್ರತಿ ದಿನ ಮೂರು ಮುಖ್ಯ ವ್ಯಾಯಾಮ, ತಲಾ ಮೂರು ಸೆಟ್. ಕಳೆದುಕೊಳ್ಳುತ್ತೇನೆಂಬ ಭಯ ಬೇಡ: 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16 ವಾರ ತರಬೇತಿ ಪಡೆದ ಯುವಕ-ಯುವತಿಯರು, ನಂತರದ 32 ವಾರ ಅದರ ಮೂರನೇ ಒಂದು ಪಾಲು ಮಾತ್ರ ಮಾಡಿ ಗಳಿಸಿದ್ದನ್ನು ಉಳಿಸಿಕೊಂಡರು. ಭಾರವನ್ನು ಇಳಿಸಿರಲಿಲ್ಲ, ವಾರದ ದಿನಗಳನ್ನು ಮಾತ್ರ ಇಳಿಸಿದ್ದರು. ಗುಟ್ಟು ಅಲ್ಲಿದೆ.

ಮೂರು ವಾರ ಹಗುರ ಮಾಡಿದರೂ ಬಲ ಮರಳದಿದ್ದರೆ ಆಗ ವೈದ್ಯರ ಬಳಿ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ವಿಟಮಿನ್ ಡಿ, ರಕ್ತದ ಸಕ್ಕರೆ ನೋಡಿಸಿ. ಇತ್ತೀಚೆಗೆ ಜ್ವರ ಬಂದಿದ್ದರೆ, ಗೊರಕೆ ಜೋರಾಗಿದ್ದರೆ, ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದ್ದರೆ ಅದನ್ನೂ ಮರೆಯದೆ ಹೇಳಿ. ಓವರ್‌ಟ್ರೈನಿಂಗ್ ಎಂದು ಹೆಸರಿಡುವುದು ಇವೆಲ್ಲವನ್ನೂ ಅಳಿಸಿ ಹಾಕಿದ ಮೇಲೆಯೇ.

ಪ್ರಶ್ನೆ: ನನಗೆ 26 ವರ್ಷ, ತೂಕ 58 ಕೆ.ಜಿ. ಕೊಬ್ಬಿನ ಪ್ರಮಾಣ ಶೇಕಡಾ 26 ಎಂದು ಅಳೆದಿದ್ದಾರೆ. ವಾರಕ್ಕೆ ಆರು ದಿನ ಭಾರ ಎತ್ತುತ್ತೇನೆ, ದಿನಕ್ಕೆ 1,300 ಕ್ಯಾಲರಿ ತಿನ್ನುತ್ತೇನೆ. ಸದಾ ಚಳಿ, ಸಿಡುಕು, ಜಿಮ್‌ನಲ್ಲಿ ಬಲವೇ ಇಲ್ಲ. ನಾಲ್ಕು ತಿಂಗಳಿಂದ ಮುಟ್ಟೂ ಆಗಿಲ್ಲ. ಓವರ್‌ಟ್ರೈನಿಂಗ್ ಇರಬಹುದು, ಒಂದು ವಾರ ರಜೆ ಹಾಕಿದರೆ ಸಾಕೇ?

ಉತ್ತರ: ಸಾಲದು. ದಯವಿಟ್ಟು ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ. ಗರ್ಭ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಪಿಸಿಒಎಸ್ ಇವು ಯಾವುವೂ ಕಾರಣವಲ್ಲವೆಂದು ಖಚಿತವಾಗಬೇಕು. ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರನ್ನು ಕಾಣಲೇಬೇಕು, ‘ವ್ಯಾಯಾಮ ಮಾಡುವವರಿಗೆ ಹೀಗಾಗುವುದು ಸಹಜ’ ಎಂಬ ಮಾತನ್ನು ಯಾರು ಹೇಳಿದರೂ ಒಪ್ಪಬೇಡಿ.

ನಮಗೆ ಕಾಣುವ ದೊಡ್ಡ ಕಾರಣ ಆಹಾರ. ಕೊಬ್ಬು ಬಿಟ್ಟು ನಿಮ್ಮ ದೇಹದ ತೂಕ 58ರ ಶೇಕಡಾ 74, ಅಂದರೆ ಸುಮಾರು 43 ಕೆ.ಜಿ. ತಿಂದದ್ದರಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು ಉಳಿದ ಕ್ಯಾಲರಿಯನ್ನು ಈ 43ರಿಂದ ಭಾಗಿಸಬೇಕು. ವ್ಯಾಯಾಮಕ್ಕೆ 250 ಎಂದಿಟ್ಟುಕೊಳ್ಳೋಣ. ಉಳಿದದ್ದು 1,050, ಭಾಗಿಸಿದರೆ 24. ಹೃದಯ ಬಡಿಯಲು, ದೇಹದ ಶಾಖ ಕಾಯಲು, ಎಲುಬು ಕಟ್ಟಲು, ಅಂಡಾಶಯ ಕೆಲಸ ಮಾಡಲು ಉಳಿದಿರುವುದು ಕೆ.ಜಿ.ಗೆ ಇಷ್ಟೇ. ಆರೋಗ್ಯವಂತ ಹೆಣ್ಣುಮಕ್ಕಳಿಗೆ ಸುಮಾರು 45 ಇದ್ದರೆ ಚೆನ್ನ. 30ಕ್ಕಿಂತ ಕೆಳಗೆ ಹಲವರಲ್ಲಿ ಹಾರ್ಮೋನ್‌ಗಳು ಏರುಪೇರಾಗುತ್ತವೆ. 30 ಎಂಬುದು ಎಲ್ಲರಿಗೂ ಒಂದೇ ಗೆರೆಯಲ್ಲ, ಕೆಲವರಿಗೆ ಅದಕ್ಕಿಂತ ಮೇಲೆಯೇ ತೊಂದರೆ ಶುರುವಾಗುತ್ತದೆ. ನೀವು 24ರಲ್ಲಿದ್ದೀರಿ. ದೇಹ ಮೊದಲು ಕೈಬಿಡುವುದು ಇವತ್ತೇ ಬೇಕಿಲ್ಲದ ಕೆಲಸಗಳನ್ನು, ಮುಟ್ಟು ಅವುಗಳಲ್ಲೊಂದು. ಈಸ್ಟ್ರೋಜನ್ ಇಳಿದಂತೆ ಎಲುಬು ಟೊಳ್ಳಾಗುತ್ತದೆ, ಮತ್ತು ಅದು ಪೂರ್ತಿ ಮರಳಿ ತುಂಬುವ ಭರವಸೆ ಇಲ್ಲ. ನಮಗಿರುವ ಆತಂಕ ಇದೇ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ (ಕ್ರೀಡೆಯಲ್ಲಿ ದೇಹಕ್ಕಾಗುವ ಶಕ್ತಿಯ ಕೊರತೆ) ಎಂಬ ಹೆಸರು ಕೊಟ್ಟರು, 2023ರಲ್ಲಿ ಅದರ ವಿವರಣೆಯನ್ನು ಪರಿಷ್ಕರಿಸಿದರು. ಲಕ್ಷಣಗಳು ಓವರ್‌ಟ್ರೈನಿಂಗ್‌ನವೇ: ಬಲಹೀನತೆ, ಸಿಡುಕು, ನಿದ್ದೆ ಕೆಡುವುದು, ಮತ್ತೆ ಮತ್ತೆ ನೆಗಡಿ. ಓವರ್‌ಟ್ರೈನಿಂಗ್ ಎಂದು ಹೆಸರು ಹೊತ್ತ ಎಷ್ಟೋ ಪ್ರಕರಣಗಳಲ್ಲಿ ಆಹಾರದ ಲೆಕ್ಕವನ್ನೇ ಯಾರೂ ನೋಡಿರಲಿಲ್ಲ ಎಂದು ಸಂಶೋಧಕರು ಎತ್ತಿ ತೋರಿಸಿದ್ದಾರೆ. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ಒಂದು ವಾರ ರಜೆ ಹಾಕಿ ಅದೇ 1,300 ಕ್ಯಾಲರಿ ತಿಂದರೆ ಏನೂ ಸರಿಹೋಗುವುದಿಲ್ಲ.

ವೈದ್ಯರು ಬೇರೆ ಕಾರಣ ಇಲ್ಲವೆಂದರೆ ತೂಕ ಇಳಿಸುವುದನ್ನು ಈಗಲೇ ನಿಲ್ಲಿಸಿ. ವಾರಕ್ಕೆ 200 ಕ್ಯಾಲರಿಯಂತೆ ಏರಿಸುತ್ತಾ 2,100-2,200ರ ಆಸುಪಾಸಿಗೆ ಬನ್ನಿ. ಅದರಲ್ಲಿ ಪ್ರೋಟೀನ್ ಸುಮಾರು 95 ಗ್ರಾಂ ಇರಲಿ, ಅಂದರೆ ತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ. ಹೆಚ್ಚಿಸುವ ಕ್ಯಾಲರಿಯ ದೊಡ್ಡ ಪಾಲು ಕಾರ್ಬೋಹೈಡ್ರೇಟ್‌ನಿಂದ ಬರಲಿ. ವ್ಯಾಯಾಮ ವಾರಕ್ಕೆ ಮೂರು ದಿನ. ಮೊದಲ ತಿಂಗಳು ತೂಕ ಒಂದೆರಡು ಕೆ.ಜಿ. ಏರುತ್ತದೆ, ಅದರಲ್ಲಿ ಬಹಳಷ್ಟು ನೀರು ಮತ್ತು ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ). ಆ ಅಂಕಿ ನೋಡಿ ಮತ್ತೆ ಊಟ ಕಡಿತ ಮಾಡುವವರೇ ಹೆಚ್ಚು, ನೀವು ಹಾಗೆ ಮಾಡಬೇಡಿ. ಮುಟ್ಟು ಮರಳಲು ತಿಂಗಳುಗಳೇ ಬೇಕಾಗಬಹುದು. ಗರ್ಭನಿರೋಧಕ ಮಾತ್ರೆ ನುಂಗಿ ಬರುವ ರಕ್ತಸ್ರಾವವನ್ನು ಮುಟ್ಟು ಮರಳಿತು ಎಂದು ಲೆಕ್ಕ ಹಿಡಿಯಬಾರದು, ಅದು ಮೂಲ ತೊಂದರೆಯನ್ನು ಮುಚ್ಚುತ್ತದೆ ಅಷ್ಟೇ. ಮುಂದೆ ಎಂದಾದರೂ ತೂಕ ಇಳಿಸಬೇಕೆನಿಸಿದರೆ ವಾರಕ್ಕೆ ದೇಹತೂಕದ ಶೇಕಡಾ ಅರ್ಧದಷ್ಟು ಮಾತ್ರ.

ಗಂಡಸರಿಗೂ ಇದು ತಪ್ಪಿದ್ದಲ್ಲ. ಅವರಿಗೆ ಮುಟ್ಟಿನಂಥ ಸ್ಪಷ್ಟ ಸೂಚನೆ ಇಲ್ಲ. ಕಾಮಾಸಕ್ತಿ ಕುಗ್ಗುವುದು, ಬೆಳಗಿನ ನಿಮಿರುವಿಕೆ ಇಲ್ಲವಾಗುವುದು ಅದಕ್ಕೆ ಸಮನಾದ ಸೂಚನೆ.

ಪ್ರಶ್ನೆ: ಎದೆ ಬೆಳೆಯಲೆಂದು ವಾರಕ್ಕೆ 32 ಸೆಟ್ ಮಾಡುತ್ತೇನೆ. ಸೋಮವಾರ 16, ಗುರುವಾರ 16: ಬೆಂಚ್ ಪ್ರೆಸ್, ಇನ್‌ಕ್ಲೈನ್, ಡಿಪ್ಸ್, ಫ್ಲೈ. ಎಲ್ಲವೂ ಫೇಲ್ಯೂರ್‌ವರೆಗೆ, ಅಂದರೆ ಇನ್ನೊಂದು ಸಲವೂ ಎತ್ತಲಾಗದವರೆಗೆ. ಎರಡು ತಿಂಗಳಿಂದ ಭುಜದ ಮುಂಭಾಗ ನೋಯುತ್ತಿದೆ. ಆದರೆ ದಣಿವಿಲ್ಲ, ನಿದ್ದೆ ಚೆನ್ನಾಗಿದೆ. ಹಾಗಿದ್ದರೆ ಓವರ್‌ಟ್ರೈನಿಂಗ್ ಅಲ್ಲ, ಮುಂದುವರಿಸಬಹುದು ಅಲ್ಲವೇ?

ಉತ್ತರ: ಓವರ್‌ಟ್ರೈನಿಂಗ್ ಅಲ್ಲ, ನಿಜ. ಆದರೆ ಭಾರ ಎತ್ತುವವರು ‘ಅತಿ’ ಮಾಡಿದಾಗ ಮೊದಲು ಸೋಲುವುದು ಹೆಚ್ಚಾಗಿ ಇಲ್ಲೇ, ಕೀಲಿನಲ್ಲಿ. ಸ್ನಾಯುವಿಗೆ ರಕ್ತ ಧಾರಾಳ, ಎರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅದನ್ನು ಎಲುಬಿಗೆ ಕಟ್ಟಿರುವ ಟೆಂಡನ್ ಒಗ್ಗಿಕೊಳ್ಳಲು ತಿಂಗಳುಗಳು ಬೇಕು. ಎದೆ ‘ಇನ್ನೂ ಮಾಡಬಹುದು’ ಎನ್ನುವ ಹೊತ್ತಿಗೆ ಭುಜ ‘ಸಾಕು’ ಎಂದಿರುತ್ತದೆ.

ಒಂದು ಸ್ನಾಯುವಿಗೆ ವಾರಕ್ಕೆ 10ರಿಂದ 20 ಗಟ್ಟಿ ಸೆಟ್ ಹೆಚ್ಚಿನವರಿಗೆ ಸಾಕು. ಒಂದೇ ದಿನ ಎಂಟು-ಹತ್ತು ದಾಟಿದ ಮೇಲೆ ಪ್ರತಿ ಹೊಸ ಸೆಟ್‌ನಿಂದ ಬರುವ ಲಾಭ ಬೇಗ ಕುಗ್ಗುತ್ತದೆ. ಹದಿಮೂರನೇ ಸೆಟ್‌ನಲ್ಲಿ ಭಾರ ಇಳಿದು, ಭಂಗಿ ಕೆಟ್ಟು, ಕೆಲಸ ಭುಜದ ಮೇಲೆ ಬಿದ್ದಿರುತ್ತದೆ. ಇದರ ಜೊತೆ ಭುಜದ ದಿನ ಓವರ್‌ಹೆಡ್ ಪ್ರೆಸ್ ಕೂಡ ಮಾಡುತ್ತಿದ್ದರೆ, ಭುಜದ ಮುಂಭಾಗಕ್ಕೆ ಅದೂ ಸೇರಿ ನಲವತ್ತು ದಾಟುತ್ತದೆ. ಸೆಟ್ ಎಣಿಸುವಾಗ ವ್ಯಾಯಾಮದ ಹೆಸರು ನೋಡಬೇಡಿ, ಯಾವ ಕೀಲು ದುಡಿಯಿತು ಎಂದು ಎಣಿಸಿ.

ಹೀಗೆ ಬದಲಿಸಿ: ಎರಡೂ ದಿನ ಬೆಂಚ್ ಪ್ರೆಸ್ 3 ಸೆಟ್, ಇನ್‌ಕ್ಲೈನ್ ಡಂಬೆಲ್ 3 ಸೆಟ್, ಫ್ಲೈ 2 ಸೆಟ್. ವಾರಕ್ಕೆ ಒಟ್ಟು 16. ಡಿಪ್ಸ್ ಎಂಟು ವಾರ ಬೇಡ. ಕೆಳಗಿಳಿದಾಗ ತೋಳು ಹಿಂದಕ್ಕೆ ಹೋಗಿ, ನೀವು ನೋವು ಎನ್ನುತ್ತಿರುವ ಜಾಗವನ್ನೇ ಪೂರ್ತಿ ಹಿಗ್ಗಿಸುತ್ತದೆ. ಬೆಂಚ್‌ನಲ್ಲಿ ಕೈಗಳ ಅಂತರ ಭುಜದ ಅಗಲದ ಒಂದೂವರೆ ಪಟ್ಟು ಮೀರದಿರಲಿ. ಬೆಂಚ್‌ನಲ್ಲಿ ಇನ್ನೂ ಎರಡು ರೆಪ್ಸ್ ಬಾಕಿ ಇರುವಾಗಲೇ ನಿಲ್ಲಿಸಿ. ಫೇಲ್ಯೂರ್ ಬೇಕೇ ಬೇಕೆಂದರೆ ಫ್ಲೈನ ಕೊನೆಯ ಸೆಟ್‌ಗೆ ಮೀಸಲಿಡಿ. ಎಷ್ಟು ಸೆಟ್ ತಳ್ಳುತ್ತೀರೋ ಅಷ್ಟಾದರೂ ರೋಯಿಂಗ್‌ನಂಥ ಎಳೆಯುವ ಸೆಟ್ ಇರಲಿ.

ನೋವಿಗೆ ಹತ್ತರಲ್ಲಿ ಅಂಕ ಕೊಡಿ. ವ್ಯಾಯಾಮದ ವೇಳೆ ಮೂರರೊಳಗೆ ಇದ್ದು, ಮರುದಿನ ಬೆಳಿಗ್ಗೆ ಹಿಂದಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಬಹುದು. ಬೆಳಿಗ್ಗೆ ಹೆಚ್ಚಾಗಿದ್ದರೆ ಭಾರವನ್ನು ಶೇಕಡಾ 20ರಷ್ಟು ಇಳಿಸಿ. ಆ ಮಗ್ಗುಲಲ್ಲಿ ಮಲಗಲಾಗದಷ್ಟು ರಾತ್ರಿ ನೋವು, ಕೈ ಮೇಲೆತ್ತಲು ಬಲವಿಲ್ಲದಿರುವುದು ಇದ್ದರೆ ಅಂಕ ಎಣಿಸುತ್ತ ಕೂರದೆ ಮೂಳೆ ತಜ್ಞರಿಗೆ ತೋರಿಸಿ.

ಪ್ರಶ್ನೆ: ಡೀಲೋಡ್, ಅಂದರೆ ವ್ಯಾಯಾಮ ಹಗುರ ಮಾಡುವ ವಾರ, ಎಷ್ಟು ವಾರಕ್ಕೊಮ್ಮೆ? ಪೂರ್ತಿ ರಜೆಯೇ ಒಳ್ಳೆಯದೇ?

ಉತ್ತರ: ಕ್ಯಾಲೆಂಡರ್ ನೋಡಿ ಮಾಡುವುದಕ್ಕಿಂತ ನಿಮ್ಮ ವ್ಯಾಯಾಮದ ಲೆಕ್ಕ ಬರೆದ ಪುಸ್ತಕ ನೋಡಿ ಮಾಡಿ. ಭಾರ ಏರುತ್ತಿದ್ದರೆ, ಕೀಲು ನೋಯದಿದ್ದರೆ ಹತ್ತು ವಾರವಾದರೂ ಬೇಡ. ಹೊಸಬರಿಗೆ ಮೊದಲ ಐದಾರು ತಿಂಗಳು ಅದರ ಅಗತ್ಯವೇ ಅಪರೂಪ. ಹಳಬರು, ಹೆಚ್ಚು ಭಾರ ಎತ್ತುವವರು ಆರರಿಂದ ಎಂಟು ವಾರಕ್ಕೊಮ್ಮೆ ಇಟ್ಟುಕೊಳ್ಳಬಹುದು.

2024ರ ಅಧ್ಯಯನವೊಂದರಲ್ಲಿ ಒಂಬತ್ತು ವಾರದ ತರಬೇತಿಯ ನಡುವೆ ಒಂದು ಗುಂಪು ಒಂದು ವಾರ ಪೂರ್ತಿ ಬಿಡುವು ತೆಗೆದುಕೊಂಡಿತು. ಸ್ನಾಯುವಿನ ಬೆಳವಣಿಗೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಕಾಲಿನ ಬಲ ಮಾತ್ರ ಬಿಡುವಿಲ್ಲದೆ ಮುಂದುವರಿಸಿದವರಲ್ಲಿ ಸ್ವಲ್ಪ ಹೆಚ್ಚು ಬೆಳೆಯಿತು. ಆದ್ದರಿಂದ ಪೂರ್ತಿ ರಜೆಗಿಂತ ಹಗುರ ವಾರವೇ ಮೇಲು. ಮಾಮೂಲು 100 ಕೆ.ಜಿ.ಗೆ 5 ರೆಪ್ಸ್‌ನ 4 ಸೆಟ್ ಮಾಡುವವರು ಆ ವಾರ 90 ಕೆ.ಜಿ.ಗೆ 3 ರೆಪ್ಸ್‌ನ 2 ಸೆಟ್ ಮಾಡಲಿ. ಜನ ಮಾಡುವ ತಪ್ಪು ಇದರ ತಿರುವುಮುರುವು: ಭಾರವನ್ನು ಅರ್ಧಕ್ಕಿಳಿಸಿ ಇಪ್ಪತ್ತು ಇಪ್ಪತ್ತೈದು ರೆಪ್ಸ್ ಮಾಡುವುದು. ಅದರಿಂದ ಮೈಕೈ ನೋವು ಹೊಸದಾಗಿ ಹುಟ್ಟುತ್ತದೆಯೇ ಹೊರತು ದಣಿವು ಇಳಿಯುವುದಿಲ್ಲ.

ಪ್ರಶ್ನೆ: ಬಲ್ಗೇರಿಯಾದ ವೇಟ್‌ಲಿಫ್ಟರ್‌ಗಳು ದಿನವೂ, ದಿನಕ್ಕೆ ಹಲವು ಸಲ ಗರಿಷ್ಠ ಭಾರ ಎತ್ತುತ್ತಿದ್ದರಂತೆ. ಅವರಿಗಾಗದ ತೊಂದರೆ ನಮಗೇಕೆ ಆಗಬೇಕು?

ಉತ್ತರ: ಇವಾನ್ ಅಬಾಜಿಯೆವ್ ಎಂಬ ಕೋಚ್ ಕಟ್ಟಿದ ಪದ್ಧತಿ ಅದು, ಅದರಿಂದ ವಿಶ್ವ ಚಾಂಪಿಯನ್ನರು ಬಂದದ್ದೂ ನಿಜ. ಆದರೆ ಅಲ್ಲಿದ್ದವರು ಎಳವೆಯಿಂದಲೇ ಆಯ್ದು ಬೆಳೆಸಿದವರು, ಊಟ-ನಿದ್ದೆ-ವ್ಯಾಯಾಮ ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ. ತಾಳಲಾರದವರು ಹೊರಬಿದ್ದರು, ನಮಗೆ ಕಾಣುವುದು ಉಳಿದವರು ಮಾತ್ರ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬಲ್ಗೇರಿಯಾದ ಇಬ್ಬರು ನಿಷೇಧಿತ ಮೂತ್ರವರ್ಧಕ ಫ್ಯೂರೋಸೆಮೈಡ್ ಸೇವನೆಗಾಗಿ ಚಿನ್ನದ ಪದಕ ಕಳೆದುಕೊಂಡು, ಇಡೀ ತಂಡ ಕೂಟದಿಂದ ಹಿಂದೆ ಸರಿಯಿತು ಎಂಬುದನ್ನೂ ಮರೆಯಬಾರದು. ಅವರು ಸ್ಪರ್ಧಿಸುವ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್‌ನಲ್ಲಿ ಬಾರನ್ನು ಮೇಲಿನಿಂದ ಕೈಬಿಡುತ್ತಾರೆ, ನಿಧಾನವಾಗಿ ಇಳಿಸುವುದಿಲ್ಲ. ಸ್ನಾಯುವಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಸುವಾಗಲೇ. ದಿನವೂ ಸ್ಕ್ವಾಟ್ ಮಾಡಬೇಕೆಂಬ ಆಸೆ ಇದ್ದರೆ ದಿನಕ್ಕೆ ಎರಡು ಸೆಟ್, ಗರಿಷ್ಠದ ಶೇಕಡಾ 75-80ಕ್ಕೆ ಮೂರು ರೆಪ್ಸ್ ಮಾಡಿ. ಅಷ್ಟಕ್ಕೆ ಯಾರೂ ಕುಸಿಯುವುದಿಲ್ಲ.

ಪ್ರಶ್ನೆ: ಏಳು ತಿಂಗಳ ಬಿಡುವಿನ ನಂತರ ತಮ್ಮ ಜಿಮ್‌ಗೆ ಹೋಗಿ, ಗೆಳೆಯರ ಜೊತೆ ಪಂಥ ಕಟ್ಟಿ ನೂರಾರು ಪುಲ್-ಅಪ್, ಬೈಸೆಪ್ಸ್ ಕರ್ಲ್ ಮಾಡಿ ಬಂದ. ಎರಡನೇ ದಿನಕ್ಕೆ ತೋಳು ಊದಿತ್ತು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬರುತ್ತಿತ್ತು. ನೀರು ಕುಡಿದು ನೋವಿನ ಮಾತ್ರೆ ನುಂಗಿ ಸುಧಾರಿಸಿಕೊಂಡ. ಇದು ಓವರ್‌ಟ್ರೈನಿಂಗ್‌ನ ಲಕ್ಷಣವೇ?

ಉತ್ತರ: ಇದು ರಾಬ್ಡೋಮಯೊಲಿಸಿಸ್ ಇರಬಹುದು. ಆ ದಿನವೇ ಆಸ್ಪತ್ರೆಗೆ ಹೋಗಬೇಕಿತ್ತು. ಈಗಲೂ ಒಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿಬಿಡಿ.

ಓವರ್‌ಟ್ರೈನಿಂಗ್ ತಿಂಗಳುಗಳ ದುಡಿಮೆಯಿಂದ ಬರುತ್ತದೆ, ಇದು ಒಂದೇ ದಿನದ ಅತಿರೇಕದಿಂದ. ಸ್ನಾಯುಕೋಶಗಳು ಒಡೆದು ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸುರಿದು, ಮೂತ್ರಪಿಂಡವನ್ನು ಹಾಳುಗೆಡವಬಹುದು. ಮೂತ್ರದ ಗಾಢ ಬಣ್ಣ ಅದರದೇ. ಜೊತೆಗೆ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪಬಹುದು. ಹೀಗಾಗುವವರಲ್ಲಿ ಹೊಸಬರು ಅಥವಾ ಬಿಡುವಿನ ನಂತರ ಮರಳಿದವರೇ ಹೆಚ್ಚು. ಹಳೆಯ ಹುಮ್ಮಸ್ಸು ಹಾಗೇ ಇರುತ್ತದೆ, ಸ್ನಾಯುವಿನ ಒಗ್ಗಿಕೆ ಹೋಗಿರುತ್ತದೆ. ಸೆಕೆ, ಬಾಯಾರಿಕೆ, ಜ್ವರ, ಮದ್ಯ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಸಾಮಾನ್ಯ ಮೈಕೈ ನೋವು ಎರಡನೇ ಅಥವಾ ಮೂರನೇ ದಿನ ತುದಿ ಮುಟ್ಟಿ ಇಳಿಯುತ್ತದೆ, ಸ್ವಲ್ಪ ಅಡ್ಡಾಡಿದರೆ ಹಗುರವಾಗುತ್ತದೆ. ಇದರಲ್ಲಿ ತೋಳು ಬಿಗಿದು ಊದುತ್ತದೆ, ಮೊಣಕೈ ಮಡಚಲೂ ಚಾಚಲೂ ಆಗುವುದಿಲ್ಲ, ಬಲ ಅಷ್ಟಕ್ಕಷ್ಟೇ ಎನ್ನುವಂತಾಗುತ್ತದೆ. ಮೂತ್ರದ ಬಣ್ಣ ಬದಲಾಗದೆಯೂ ಇದು ಇರಬಹುದು, ಖಚಿತವಾಗುವುದು ರಕ್ತದ ಸಿ.ಕೆ. (ಕ್ರಿಯಾಟಿನ್ ಕೈನೇಸ್) ಪರೀಕ್ಷೆಯಿಂದ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ, ಅವನ್ನು ನುಂಗಲೇಬಾರದು. ಬೆರಳು ಮರಗಟ್ಟಿದರೆ ಅಥವಾ ಊತ ಕಲ್ಲಿನಂತೆ ಗಟ್ಟಿಯಾದರೆ ಒಂದು ಗಂಟೆಯೂ ಕಾಯುವಂತಿಲ್ಲ.

ತಮ್ಮ ಮತ್ತೆ ಶುರುಮಾಡುವುದು ವೈದ್ಯರು ಒಪ್ಪಿದ ಮೇಲೆ. ಮೊದಲ ವಾರ ಪ್ರತಿ ವ್ಯಾಯಾಮ ಒಂದೇ ಸೆಟ್, ಹಳೆಯ ಭಾರದ ಅರ್ಧ. ಎರಡನೇ ವಾರ ಎರಡು ಸೆಟ್. ಮೂರು ಸೆಟ್‌ಗೆ ಬರುವುದು ಒಂದು ತಿಂಗಳ ನಂತರ. ಪಂಥ ಕಟ್ಟುವ ಗೆಳೆಯರಿಗೂ ಈ ಉತ್ತರ ಓದಿಸಿ.

ಪ್ರಶ್ನೆ: ನನಗೆ 61. ಒಂದು ವರ್ಷದಿಂದ ವಾರಕ್ಕೆರಡು ದಿನ ಭಾರ ಎತ್ತುತ್ತಿದ್ದೇನೆ, ಖುಷಿಯಾಗಿದ್ದೇನೆ. ‘ಈ ವಯಸ್ಸಿಗೆ ಓವರ್‌ಟ್ರೈನಿಂಗ್ ಆಗುತ್ತದೆ, ವಾರಕ್ಕೊಮ್ಮೆ ಸಾಕು’ ಎಂದು ಮಗ ಹೇಳುತ್ತಾನೆ.

ಉತ್ತರ: ಮಗನ ಕಾಳಜಿ ಸರಿ, ಸಲಹೆ ಸರಿಯಲ್ಲ. ಮೇಲೆ ಹೇಳಿದ 2011ರ ಅಧ್ಯಯನದಲ್ಲಿ 60ರಿಂದ 75 ವಯಸ್ಸಿನವರೂ ಇದ್ದರು. ತರಬೇತಿ ಕಡಿತವಾದಾಗ ಅವರ ಬಲ ಬಹುಪಾಲು ಉಳಿಯಿತು, ಸ್ನಾಯುವಿನ ಗಾತ್ರ ಯುವಕರಲ್ಲಿ ಉಳಿದಂತೆ ಉಳಿಯಲಿಲ್ಲ. ಅಂದರೆ ಗಳಿಸಿದ್ದನ್ನು ಕಾಯಲು ನಿಮಗೆ ಕಿರಿಯರಿಗಿಂತ ಹೆಚ್ಚು ಕೆಲಸ ಬೇಕು. ಎರಡು ದಿನ ಹಾಗೇ ಇರಲಿ, ನಡುವೆ ಎರಡು ದಿನದ ಅಂತರವಿರಲಿ. ಮೂರನೇ ದಿನ ಸೇರಿಸುವ ಮನಸ್ಸಿದ್ದರೆ ಅವತ್ತು ನಾಲ್ಕೇ ವ್ಯಾಯಾಮ, ತಲಾ ಎರಡು ಸೆಟ್ ಮಾಡಿ, ಆರು ವಾರ ನೋಡಿ. ಪ್ರತಿ ಸೆಟ್‌ನಲ್ಲೂ ಎರಡು ಮೂರು ರೆಪ್ಸ್ ಬಾಕಿ ಉಳಿಸಿ. ಉಸಿರು ಬಿಗಿಹಿಡಿದು ತಳ್ಳುವುದು ಬೇಡ, ರಕ್ತದೊತ್ತಡ ಆ ಕ್ಷಣಕ್ಕೆ ಬಹಳ ಏರುತ್ತದೆ; ಎತ್ತುವಾಗ ಉಸಿರು ಬಿಡಿ. ಭಾರ ಏರಿಸುವಾಗ ಒಂದು ಸಲಕ್ಕೆ ಒಂದರಿಂದ ಎರಡೂವರೆ ಕೆ.ಜಿ., ಅದೂ ಹಳೆಯ ಭಾರ ಸತತ ಎರಡು ಸಲ ಸಲೀಸಾಗಿ ಬಂದ ಮೇಲೆ.